ಸಿಂಹಿಣಿ ಯಾವ ಕಡೆ?

ತ್ರಿಪುರಸುಂದರಿ ಬಗ್ಗಿ ಸಿಂಹದ ಮೂತಿಗೆ ನಾಲಿಗೆ ತಾಗಿಸಿದಳು.

“ಥೂ! ಎಂತ ಮಾಡ್ತಿದೀರ್ರೀ?” ಬೆನ್ನ ಹಿಂದೆ ವೆಂಕಟೇಶ ಗೌಡರ ದನಿ.

“ಕಾಫಿ ಕುಡೀತಿದೀನಿ ಗೌಡ್ರೇ.”

“ಕಲ್ಲಲ್ಲಿ?”

“ಕಲ್ಲಾಗಿದ್ರೆ ಕಲ್ಲಿನ ರುಚಿ ಬರ್ತಿತ್ತು. ಇದು ಸಿಮೆಂಟು. ಹಳೇದರ ಥರ ಕಾಣ್ಲಿ ಅಂತ ಮೇಲೆ ಡಿಕಾಕ್ಷನ್ ಬಳಿದಿದಾರೆ. ಒಳ್ಳೇ ಗಟ್ಟಿ ಡಿಕಾಕ್ಷನ್. ನಮ್ಮನೇಲಿ ನೆಂಟರು ಬಂದ್ರೂ ಇಷ್ಟು ಗಟ್ಟಿ ಇಳ್ಸಲ್ಲ.”

ಗೌಡರು ನಗಲಿಲ್ಲ. ನಿನ್ನೆಯಿಂದ ಗೌರಿಗುಡ್ಡ ಎಸ್ಟೇಟಿನಲ್ಲಿ ಯಾರೂ ನಕ್ಕಿರಲಿಲ್ಲ, ಹಲ್ಲು ಬಿಟ್ಟುಕೊಂಡು ಕೂತಿದ್ದ ಈ ಎರಡು ಸಿಂಹಗಳನ್ನು ಬಿಟ್ಟರೆ.

ಇಲ್ಲಿಯವರೆಗಿನ ಸಿಂಹಾವಲೋಕನ ಇಷ್ಟೇ: ಬಂಗಲೆಯ ಮೆಟ್ಟಿಲ ಅಕ್ಕಪಕ್ಕ ತಲೆಮಾರುಗಳಿಂದ ಕೂತಿದ್ದ ಚೀನಾದ ಕಲ್ಲುಸಿಂಹಗಳು ಮಾಯವಾಗಿ ಅವುಗಳ ಜಾಗದಲ್ಲಿ ನಕಲಿ ಜೋಡಿ ಕೂತಿತ್ತು, ಅದನ್ನು ಕಂಡುಹಿಡಿದು ಎಲ್ಲರ ಎದುರು ಬಾಯಿಬಿಟ್ಟ ಅಭಿರಾಮನೇ ಈಗ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಅಭಿರಾಮ ಕಳಸದ ಕಡೆಯ ಅರ್ಚಕರ ಮಗ. ಮಂತ್ರ ಕಲಿಯೋ ಅಂದರೆ ಮೈಸೂರಿಗೆ ಹೋಗಿ ಶಿಲ್ಪ ಕಲಿತು ಬಂದವನು. ಹಳೆಯ ವಿಗ್ರಹಗಳ ಪಾಚಿ ತೆಗೆದು, ಬಿರುಕು ಕೂಡಿಸಿ, ಮತ್ತೆ ಜೀವ ಬರಿಸುವ ಕೆಲಸ ಅವನದು. ದೊಡ್ಡ ದೇವಸ್ಥಾನವೊಂದರ ಕೆಲಸ ಮುಂದಿನ ತಿಂಗಳು ಶುರುವಾಗಬೇಕಿತ್ತು. ವಿಗ್ರಹ ಕಳ್ಳ ಅಂತ ಒಂದು ಸಲ ಕೇಸು ಬಿದ್ದರೆ ಮುಗಿಯಿತು. ಆಮೇಲೆ ಅವನನ್ನು ದೇವರ ಹತ್ತಿರವಿರಲಿ, ದೇವಸ್ಥಾನದ ಒರಳುಕಲ್ಲಿನ ಹತ್ತಿರವೂ ಯಾರೂ ಬಿಟ್ಟುಕೊಳ್ಳುವುದಿಲ್ಲ.

“ಸಂಜೆವರೆಗೆ ಕಾಯ್ತೀನಿ ಮೇಡಂ,” ಅಂದಿದ್ದರು ಎಸ್‌ಐ ನಂದನ್, ಒಂದೊಂದು ಪದವನ್ನೂ ಮೂಗಿನೊಳಗೆ ಒಂದು ಸುತ್ತು ಸುತ್ತಿಸಿ ಹೊರಬಿಡುವ ತಮ್ಮ ಶೈಲಿಯಲ್ಲಿ. “ಸಂಜೆ ಎಫ್‌ಐಆರು. ನಾಳೆ ಕೋರ್ಟು. ಆಮೇಲೆ ನನ್ ಕೈಲಿ ಏನಿಲ್ಲಾಂ.”

ಆ ಕೊನೆಯ ‘ಲ್ಲಾಂ’ ಅನ್ನು ಸ್ಕೂಟರಿನಲ್ಲಿ ಬರುವಾಗ ದಾರಿಯುದ್ದಕ್ಕೂ ತ್ರಿಪುರಸುಂದರಿ ಹೇಳಿಕೊಂಡು ಬಂದಿದ್ದಳು. ಅದು ಅವಳ ಹಳೇ ಚಟ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದ್ದವಳು. ಆಮೇಲೆ ವಿಮಾ ಕಂಪನಿಯ ಸರ್ವೇಯರ್ ಆಗಿ, ಬೆಂಕಿಯೇ ಇಲ್ಲದೆ ಸುಟ್ಟ ಗೋಡೌನುಗಳನ್ನೂ ಡ್ರೈವರೇ ಇಲ್ಲದೆ ಪ್ರಪಾತಕ್ಕೆ ಹಾರಿದ ಜೀಪುಗಳನ್ನೂ ನೋಡಿ ನೋಡಿ, ಕೊನೆಗೆ ಮೂಡಿಗೆರೆಯಲ್ಲಿ ಪತ್ತೇದಾರಿಕೆಯ ಸ್ವಂತ ಬೋರ್ಡು ಹಾಕಿಕೊಂಡಿದ್ದಳು. ಯಾರ ದನಿಯನ್ನು ಹಿಡಿದರೂ ಅವರ ಮನಸ್ಸಿನ ಒಂದು ತುದಿ ಕೈಗೆ ಸಿಗುತ್ತದೆ ಅನ್ನುವುದು ಅವಳ ನಂಬಿಕೆ.

ಇವತ್ತು ಮಾತ್ರ ಯಾವ ತುದಿಯೂ ಸಿಗುತ್ತಿರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಮೆಟ್ಟಿಲು ಹತ್ತಿದಳು, ಇಳಿದಳು, ಸ್ಕೂಟರ್ ಕೀಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಜನವರಿಯಲ್ಲಿ ಬರಬಾರದ ಮೋಡ ಚಾರ್ಮಾಡಿ ಕಡೆಯಿಂದ ಏರಿ ಬರುತ್ತಿತ್ತು. ಬಂಗಲೆಯ ಹಿಂದಿನ ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಗುಡ್ಡೆ ಮಾಡುವ ಗಡಿಬಿಡಿ ಇಲ್ಲಿಗೂ ಕೇಳುತ್ತಿತ್ತು.

“ಯೋಚ್ನೆ ಮಾಡೋಕೆ ಏನಿದೆ?” ಅಂದರು ಗೌಡರು. “ನಕಲಿ ಅಂತ ನಮಗ್ಯಾರಿಗೂ ಗೊತ್ತಾಗ್ಲಿಲ್ಲ, ಅವನಿಗೆ ಮಾತ್ರ ಗೊತ್ತಾಯ್ತು. ಹೆಂಗೆ? ಮಾಡಿದೋನು ಅವನೇ, ಅದಕ್ಕೆ. ತೊಳೀತೀನಿ ಅಂತ ಶೆಡ್ಡಿಗೆ ಇಳಿಸಿದ. ಊರಿಗೆ ಹೋಗ್ತಾ ಮತ್ತೆ ಮೆಟ್ಟಿಲ ಮೇಲೆ ಇಡಿಸಿ ಹೋದ. ನಡುವೆ ಅದಲು ಬದಲು. ಇಷ್ಟೇ ಕಥೆ.”

“ಕದ್ದವನು ಬಂದು ‘ಕದ್ದಿದಾರೆ ನೋಡಿ’ ಅಂತಾನಾ ಗೌಡ್ರೇ?”

“ಓದಿದೋರು ಏನು ಬೇಕಾದ್ರೂ ಅಂತಾರೆ ಮಾರಾಯ್ತಿ. ನಾಡಿದ್ದು ಅತ್ತಿಗೆಗೂ ನಮಗೂ ಮನೆ ಸಾಮಾನು ಪಾಲು. ಜೋಡಿ ಇರೋದೆಲ್ಲ ಒಂದೊಂದು ಅಂತ ಮಾತಾಗಿದೆ. ದೀಪದ ಕಂಬ ಒಂದೊಂದು, ಬೀಟೆ ಮಂಚ ಒಂದೊಂದು, ಸಿಂಹ ಒಂದೊಂದು. ಈಗ ನನಗೆ ಬರೋದು ಏನು? ಸಿಮೆಂಟು!”

ಸಿಂಹಪಾಲು ಅನ್ನುವುದನ್ನು ಇಷ್ಟು ಅಕ್ಷರಶಃ ತೆಗೆದುಕೊಂಡ ಮನುಷ್ಯನನ್ನು ತ್ರಿಪುರಸುಂದರಿ ಇದೇ ಮೊದಲು ನೋಡುತ್ತಿದ್ದುದು. ಮಾತು ನಾಲಿಗೆಯ ತುದಿಗೆ ಬಂತು, ಅಲ್ಲಿ ಇನ್ನೂ ಡಿಕಾಕ್ಷನ್ ಇತ್ತು, ನುಂಗಿಕೊಂಡಳು.

“ಒಂದು ಪ್ರಶ್ನೆ. ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?”

“ಎರಡೂ ಗಂಡೇ. ಎರಡಕ್ಕೂ ಕೇಸರ ಇಲ್ವಾ?”

“ಕಾಲಡಿ ಏನಿದೆ?”

ಗೌಡರು ಮೊದಲ ಸಲ ನೋಡುವವರಂತೆ ಬಗ್ಗಿ ನೋಡಿದರು. “ಇದು ಚೀನಿಕಾಯಿ ಮೇಲೆ ಕಾಲಿಟ್ಟಿದೆ. ಚೀನಾದ್ದಲ್ವಾ, ಸರಿಯಾಗೇ ಇದೆ. ಆಚೇದು ಮಂಗನ್ನ ತುಳೀತಿದೆ. ತೋಟ ಕಾಯೋ ಸಿಂಹ ಮಂಗನ್ನ ತುಳೀದೆ ಮುದ್ದು ಮಾಡುತ್ತಾ?”

“ಇಷ್ಟು ವರ್ಷ ನೋಡಿರ್ಲಿಲ್ವಾ?”

“ಎಲ್ಲಿ ನೋಡೋದು? ಕುತ್ತಿಗೆವರೆಗೂ ಪಾಚಿ, ಜರಿಗಿಡ. ಆ ಹುಡುಗ ತೊಳೆದ ಮೇಲೇ ಕಾಲು ಇದೆ ಅಂತ ಗೊತ್ತಾಗಿದ್ದು.”

ತ್ರಿಪುರಸುಂದರಿಯ ಬೆರಳಿನಲ್ಲಿ ತಿರುಗುತ್ತಿದ್ದ ಕೀ ನಿಂತಿತು.

ಬೆಳಿಗ್ಗೆ ಠಾಣೆಯಲ್ಲಿ ಅಭಿರಾಮ ತಣ್ಣಗಾದ ಟೀ ಹಿಡಿದುಕೊಂಡು ಹೇಳಿದ್ದ: “ಅದು ಮಂಗ ಅಲ್ಲ ಮೇಡಂ, ಮರಿ. ಚೆಂಡಿನ ಮೇಲೆ ಕಾಲಿಟ್ಟಿದ್ದು ಗಂಡು, ಮರಿ ಮೇಲೆ ಕಾಲಿಟ್ಟಿದ್ದು ಹೆಣ್ಣು. ಚೀನಾದಲ್ಲಿ ಅದಕ್ಕೊಂದು ನಿಯಮ ಇದೆ. ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತರೆ ನಮ್ಮ ಎಡಗಡೆ ಗಂಡು, ಬಲಗಡೆ ಹೆಣ್ಣು. ಅರಮನೆ ಆಗ್ಲಿ, ಗುಡಿ ಆಗ್ಲಿ, ಅಂಗಡಿ ಆಗ್ಲಿ, ಹಾಗೇ. ಜೋಡೀನ ಯಾವತ್ತೂ ಬೇರೆ ಮಾಡಲ್ಲ. ಇಲ್ಲಿ ಯಾವ ದೊರೆ ತಂದು ಇಟ್ಟನೋ, ತಿಳಿದವನೇ ಇಟ್ಟಿದ್ದ. ನಾನು ಇಳಿಸುವಾಗ ಸರಿಯಾಗೇ ಇತ್ತು. ಊರಿಗೆ ಹೋಗುವಾಗ ಶೆಡ್ಡಲ್ಲೇ ಬಿಟ್ಟು ಹೋಗಿದ್ದೆ.”

ಅವಳು ಮೆಟ್ಟಿಲು ಹತ್ತಿ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಎಡಗಡೆ ನೋಡಿದಳು.

ಮರಿ.

ಬಲಗಡೆ ನೋಡಿದಳು. ಚೆಂಡು.

ಅದಲು ಬದಲು! ಕೇಸರದ ಒಂದೊಂದು ಗುಂಗುರನ್ನೂ ತಪ್ಪದೆ ಅಚ್ಚು ತೆಗೆಸಿದ ಕಳ್ಳ, ಇಡುವಾಗ ಮಾತ್ರ ಕಡೆ ತಪ್ಪಿದ್ದ. ಅಭಿರಾಮನಾಗಿದ್ದರೆ ಕಣ್ಣು ಕಟ್ಟಿದರೂ ತಪ್ಪುತ್ತಿರಲಿಲ್ಲ. ಗೌಡರಾಗಿದ್ದರೆ? ಅವರಿಗೆ ಎರಡೂ ಗಂಡು. ಒಂದಕ್ಕೆ ಸಿಹಿಗುಂಬಳ, ಇನ್ನೊಂದಕ್ಕೆ ಮಂಗ. ಹೇಗೆ ಬೇಕಾದರೂ ಇಟ್ಟಾರು.

ಆದರೆ ಇದು ಹೇಗೆ ಬೇಕಾದರೂ ಇಟ್ಟದ್ದಲ್ಲ. ಮರಿಯಿದ್ದ ಸಿಂಹದ ಹಣೆಯಲ್ಲಿ ಕುಂಕುಮ ಇತ್ತು. ಡಿಕಾಕ್ಷನ್ ಬಣ್ಣದ ಮೇಲೆ, ಬೆರಳಿನಿಂದ ದುಂಡಗೆ ಇಟ್ಟದ್ದು. ಚೆಂಡಿನ ಸಿಂಹದ ಹಣೆ ಖಾಲಿ.

“ಇದನ್ನ ಇಟ್ಟೋರು ಯಾರು?”

“ಇನ್ಯಾರು, ಅತ್ತಿಗೆ. ಅಣ್ಣ ಹೋದ ಮೇಲೆ ತಮ್ಮ ಹಣೆಗೆ ಇಟ್ಕೊಳ್ಳೋದು ಬಿಟ್ರು. ಈಗ ಕಂಡ ಕಂಡಿದ್ದಕ್ಕೆಲ್ಲ ಇಡ್ತಾರೆ.”

ಜಗಲಿಯ ಗೋಡೆಯಲ್ಲಿ ಅದೇ ಅತ್ತಿಗೆಯ ಮದುವೆಯ ಫೋಟೋ. ಪೇಟ ತೊಟ್ಟು ಉಸಿರು ಬಿಗಿಹಿಡಿದ ಗಂಡ. ಅವನ ಎಡಕ್ಕೆ, ತಲೆ ತಗ್ಗಿಸಿ, ಹೆಂಡತಿ. ಪಕ್ಕದಲ್ಲಿ ಅತ್ತೆ ಮಾವನ ಫೋಟೋ. ಅಲ್ಲೂ ಅತ್ತೆ ಎಡಕ್ಕೆ. ದೇವರ ಪಟಗಳಲ್ಲೂ ಅಷ್ಟೇ. ಈ ಮನೆಯ ಗೋಡೆಯ ಮೇಲೆ ಗಂಡನ ಬಲಕ್ಕೆ ನಿಂತ ಹೆಂಡತಿ ಒಬ್ಬಳೂ ಇರಲಿಲ್ಲ.

“ಗೌಡ್ರೇ, ನೀವು ಇಲ್ಲೇ ಕೂತಿರಿ. ಬೇಕಾದ್ರೆ ಒಂದು ಸಲ ನೆಕ್ಕಿ, ನಿಮ್ಮ ಪಾಲಿಂದು.”

* * *

ಕಣದಲ್ಲಿ ಯುದ್ಧ ನಡೆದಿತ್ತು. ಹೆಂಗಸರು ಹಲಗೆ ಹಿಡಿದು ಕಾಫಿಯನ್ನು ನೂಕುತ್ತಿದ್ದರು, ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಟ್ರಾಕ್ಟರಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು; ಅವು ಎಸ್ಟೇಟಿನ ಭಾರವನ್ನೆಲ್ಲ ಸಾಗಿಸುವ ಟ್ರಾಕ್ಟರ್ ಡ್ರೈವರ್ ಚನ್ನಬಸವನವು. ಮಧ್ಯದಲ್ಲಿ ಸೆರಗು ಸೊಂಟಕ್ಕೆ ಬಿಗಿದು ವಿಮಲಮ್ಮ ನಿಂತಿದ್ದರು. ಗೌಡರ ಅತ್ತಿಗೆ, ಗೌರಿಗುಡ್ಡದ ಯಜಮಾನಿ. ಅರವತ್ತು ದಾಟಿದ ದನಿ, ಆದರೆ ಆ ದನಿಗೆ ತೋಟದ ಆಚೆ ಬದಿಯ ಮಂಗಗಳೂ ಹೆದರುತ್ತಿದ್ದವು.

“ಏ ಗಿಡ್ಡಮ್ಮಾ, ನೀನೇನು ಕಾಫಿ ನೂಕ್ತಿದೀಯೋ ತಲೆ ಬಾಚ್ತಿದೀಯೋ? ಬೇಗ!”

“ಮಳೆ ಬರೋ ಮೊದ್ಲು ನಿಮ್ಮ ಬೈಗುಳದಲ್ಲೇ ನೆಂದು ಹೋಯ್ತು ಅಮ್ಮಾ ಕಾಫಿ,” ಅಂದಳು ಗಿಡ್ಡಮ್ಮ. ಹೆಂಗಸರು ಕಿಸಕ್ಕೆಂದರು.

ತ್ರಿಪುರಸುಂದರಿಯನ್ನು ಕಂಡು ವಿಮಲಮ್ಮ ಕೈ ಒರೆಸಿಕೊಂಡರು. “ಬಾ ಮಾರಾಯ್ತಿ. ಏನಾದ್ರೂ ಗೊತ್ತಾಯ್ತಾ? ಆ ಹುಡುಗನಿಗೆ ಊಟ ಗೀಟ ಕೊಟ್ರಂತಾ?”

ಊಟದ ವಿಚಾರ ಕೇಳುವಾಗ ದನಿ ಒಂದು ಮೆಟ್ಟಿಲು ಕೆಳಗೆ ಜಾರಿತು. ತ್ರಿಪುರಸುಂದರಿ ಅದನ್ನು ಕಿವಿಯಲ್ಲಿ ಎತ್ತಿಟ್ಟುಕೊಂಡಳು.

“ಕೊಟ್ರಂತೆ ಅಮ್ಮಾ. ಒಂದು ಚಿಕ್ಕ ಅನುಮಾನ. ಸಿಂಹಗಳನ್ನ ಶೆಡ್ಡಿಂದ ತಂದು ಮತ್ತೆ ಮೆಟ್ಟಿಲ ಮೇಲೆ ಇಡಿಸಿದ್ದು ಯಾರು?”

“ಅವನೇ. ಅಭಿರಾಮ. ಊರಿಗೆ ಹೋಗೋ ದಿನ. ನಿನ್ನೇನೇ ಹೇಳಿದ್ನಲ್ಲ.”

“ನೀವು ನೋಡಿದ್ರಾ?”

“ನನಗೆ ಅದೇ ಕೆಲ್ಸವಾ? ಕಾಫಿ ಕುಯ್ಲು ನಡೀತಿತ್ತು.”

“ಅವನು ಇಡಿಸಿದ್ರೆ ಹೆಣ್ಣು ಗಂಡಿನ ಬಲಕ್ಕೆ ಇರ್ತಿತ್ತು ಅಮ್ಮಾ. ಚೀನಾದವರ ಕ್ರಮ ಅದು, ಅವನಿಗೆ ಬಾಯಿಪಾಠ. ಈಗ ಎಡಕ್ಕಿದೆ.”

“ಇರ್ಲಿ ಬಿಡು. ಹೆಂಡ್ತಿ ಎಡಕ್ಕೆ ತಾನೇ ಇರ್ಬೇಕು?”

ಮಾತು ಹೊರಗೆ ಬಿದ್ದ ಮೇಲೆ ವಿಮಲಮ್ಮನವರು ಅದನ್ನು ನೋಡಿದರು. ತ್ರಿಪುರಸುಂದರಿಯೂ ನೋಡಿದಳು. ಇಬ್ಬರ ನಡುವೆ ಟಾರ್ಪಾಲು ಒಂದು ಸಲ ಪಟ್ಟೆಂದಿತು.

“ಅವು ಗಂಡ ಹೆಂಡ್ತಿ ಅಂತ ಈ ಮನೇಲಿ ಅಂದ್ಕೊಂಡಿರೋದು ಇಬ್ಬರೇ,” ಅಂದಳು ತ್ರಿಪುರಸುಂದರಿ ಮೆಲ್ಲಗೆ. “ಒಬ್ಬ ಠಾಣೇಲಿದಾನೆ. ಇನ್ನೊಬ್ಬರು ಹೆಂಡ್ತಿ ಹಣೆಗೆ ಕುಂಕುಮ ಇಟ್ಟಿದಾರೆ.”

“ಕುಂಕುಮ ಇಟ್ರೆ ಕಳ್ಳಿಯಾಗ್ತಾರಾ?” ದನಿ ಏರಿತು. “ನೋಡು ತ್ರಿಪುರಾ, ನಾನೇ ನಿನ್ನ ಕರೆಸಿದ್ದು. ಕದ್ದೋಳು ಪತ್ತೇದಾರಿಣೀನ ಕರೆಸ್ತಾಳಾ?”

“ಕದ್ದವನು ‘ಕದ್ದಿದಾರೆ’ ಅಂತ ಕೂಗ್ತಾನಾ ಅಂತ ಈಗ ತಾನೇ ನಿಮ್ಮ ಮೈದುನರನ್ನ ಕೇಳಿ ಬಂದೆ. ನೀವು ನನ್ನ ಕರೆಸಿದ್ದು ಸಿಂಹ ಹುಡುಕೋಕಲ್ಲ ಅಮ್ಮಾ. ಹುಡುಗನ್ನ ಬಿಡಿಸೋಕೆ. ಅದೂ ನೀವು ಬಾಯಿ ಬಿಡದೆ.”

“ಏನೇನೋ ಮಾತಾಡ್ಬೇಡ. ಸಾಕ್ಷಿ ಇದ್ರೆ ತೋರ್ಸು.”

ತ್ರಿಪುರಸುಂದರಿ ಎರಡು ಹೆಜ್ಜೆ ಟ್ರಾಕ್ಟರಿನ ಕಡೆ ಸರಿದಳು. ಗಂಟಲನ್ನು ಸ್ವಲ್ಪ ಬಿಗಿ ಮಾಡಿದಳು, ಗಲ್ಲ ಎತ್ತಿದಳು, ಕೈ ಸೊಂಟಕ್ಕೆ ಹೋಯಿತು. ಹೊರಗೆ ಬಂದದ್ದು ಅರವತ್ತು ದಾಟಿದ, ಮಂಗಗಳನ್ನು ಓಡಿಸುವ ದನಿ.

“ಏ ಚನ್ನಬಸವಾ! ಅವತ್ತು ಹೆಣ್ಣು ಸಿಂಹನ ಯಾವ ಕಡೆ ಇಡು ಅಂದಿದ್ದೆನೋ ನಾನು?”

ಟ್ರಾಕ್ಟರಿನ ಅಡಿಯ ಕಾಲುಗಳು ಅಲುಗಲೂ ಇಲ್ಲ.

“ಗಂಡನ ಎಡಕ್ಕೆ ಅಂದ್ರಲ್ಲ ಅಮ್ಮಾ! ನಾನು ಮೊದ್ಲು ಉಲ್ಟಾ ಇಟ್ಟು ನಿಮ್ಮ ಹತ್ರ ಬೈಸ್ಕೊಂಡಿಲ್ವಾ?” ಸ್ಪ್ಯಾನರ್ ಕೆಳಗೆ ಬಿದ್ದ ಸದ್ದು. “ಯಾರಿಗೂ ಹೇಳ್ಬೇಡ ಅಂತಾನೂ ಅಂದಿದ್ರಿ. ನಾನು ಯಾರಿಗೂ ಹೇಳಿಲ್ಲ.”

ಹೆಂಗಸರ ಹಲಗೆಗಳು ನಿಂತುಹೋದವು. ಗಿಡ್ಡಮ್ಮ ಒಮ್ಮೆ ವಿಮಲಮ್ಮನ ಬಾಯಿ ನೋಡಿದಳು, ಒಮ್ಮೆ ತ್ರಿಪುರಸುಂದರಿಯ ಬಾಯಿ ನೋಡಿದಳು, ಆಮೇಲೆ ತನ್ನ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡಳು.

ವಿಮಲಮ್ಮನವರಿಗೆ ಸಿಟ್ಟು ಬರಲಿಲ್ಲ. ಅದೇ ತ್ರಿಪುರಸುಂದರಿಗೆ ಕಸಿವಿಸಿಯಾದದ್ದು. ಸೊಂಟದಿಂದ ಸೆರಗನ್ನು ಬಿಚ್ಚಿ ಹೆಗಲಿಗೆ ಹೊದ್ದುಕೊಂಡರು, ಚಳಿಯಾದವರಂತೆ.

“ಬಾ,” ಅಂದರು. “ನನ್ನ ದನಿಯಲ್ಲಿ ಮಾತಾಡ್ಬೇಡ, ನಿನ್ನ ದನೀಲೇ ಬಾ.”

* * *

ಗೋಡೌನಿನೊಳಗೆ ಒಣ ಕಾಫಿಯ ಘಾಟು. ಕ್ಯೂರಿಂಗ್ ಮಿಲ್ಲಿಗೆ ಹೋಗಬೇಕಾದ, ಹಣ್ಣಿನ ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಸೂರಿನವರೆಗೂ ಪೇರಿಸಿದ್ದವು. ಕೊನೆಯ ಸಾಲಿನ ಹಿಂದೆ ಒಬ್ಬರು ತೂರಬಹುದಾದಷ್ಟು ಜಾಗ. ವಿಮಲಮ್ಮ ಅಲ್ಲಿ ಗೋಣಿಯೊಂದನ್ನು ಸರಿಸಿದರು.

ಅವು ಅಲ್ಲಿದ್ದವು. ಬಾಗಿಲು ಕಾಯಬೇಕಾದವು, ಬಾಗಿಲಿನಿಂದ ಅಡಗಿಕೊಂಡು. ಐದು ವರ್ಷದ ಮಗುವಿನಷ್ಟು ಎತ್ತರ. ತೊಳೆದ ಕಲ್ಲಿನ ಬೂದಿಬಣ್ಣ, ಉಬ್ಬಿದ ಕಣ್ಣು, ನಗುತ್ತಿದೆಯೋ ಗದರಿಸುತ್ತಿದೆಯೋ ತಿಳಿಯದ ಅಗಲ ಬಾಯಿ. ಸಿಂಹಿಣಿಯ ಪಂಜದ ಕೆಳಗೆ ಮರಿ ಮಲಗಿಕೊಂಡು ಅವಳ ಬೆರಳನ್ನು ಕಚ್ಚಿ ಆಡುತ್ತಿತ್ತು. ಸಿಮೆಂಟಿನ ಮರಿಗೆ ಆ ಹಲ್ಲು ಇರಲಿಲ್ಲ. ಅದನ್ನು ಮಂಗ ಅಂದ ಗೌಡರದು ಪೂರ್ತಿ ತಪ್ಪೂ ಅಲ್ಲ ಅನ್ನಿಸಿತು.

“ಪಾಚಿ ತೆಗೆದ ದಿನ ಆ ಹುಡುಗ ನನ್ನ ಕರೆದು ತೋರಿಸ್ದ,” ಅಂದರು ವಿಮಲಮ್ಮ. “‘ಅಮ್ಮಾ, ಇವಳು ಹೆಂಡ್ತಿ ನೋಡಿ’ ಅಂದ. ಮದುವೆಯಾಗಿ ಬಂದಾಗಿಂದ ಇವುಗಳ ನಡುವೆ ಓಡಾಡಿದೀನಿ ಮಾರಾಯ್ತಿ, ಗಂಡ ಹೆಂಡ್ತಿ ಅಂತ ಗೊತ್ತೇ ಇರ್ಲಿಲ್ಲ. ಅವತ್ತೇ ಸಂಜೆ ವೆಂಕಟೇಶ ಬಂದು ಒಂದೊಂದು ಅಂದ. ಮಂಚ ಒಂದೊಂದು, ಆಯ್ತು ಅಂದೆ. ದೀಪ ಒಂದೊಂದು, ಆಯ್ತು. ಇವನ್ನ…” ಅವರ ಕೈ ಸಿಂಹಿಣಿಯ ತಲೆಯ ಮೇಲಿತ್ತು. “ನನ್ನ ಜೋಡಿ ಬಿಡಿಸಿದ್ದು ದೇವರು. ಅವನನ್ನ ಕೇಳೋ ಹಾಗಿಲ್ಲ. ಇವರ ಜೋಡಿ ಬಿಡಿಸೋಕೆ ವೆಂಕಟೇಶ ಯಾರು?”

“ಅದಕ್ಕೆ ನಕಲಿ ಮಾಡಿಸಿದ್ರಿ.”

“ಮಂಗಳೂರಿಂದ ಅಚ್ಚು ತೆಗೆಯೋರನ್ನ ಕರೆಸ್ದೆ, ಆ ಹುಡುಗ ಊರಿಗೆ ಹೋದಾಗ. ಡಿಕಾಕ್ಷನ್ ನಾನೇ ಇಳಿಸಿದ್ದು. ವೆಂಕಟೇಶನಿಗೆ ಸಿಮೆಂಟಿನ ಒಂದು ಹೋಗ್ಲಿ, ನನಗೊಂದು ಉಳೀಲಿ, ಇವರು ಒಟ್ಟಿಗೆ ಇರ್ಲಿ ಅಂತ. ಆ ಹುಡುಗ ಬಂದವನೇ ಬೆರಳ ಗೆಣ್ಣಿಂದ ಒಂದು ತಟ್ಟು ತಟ್ಟಿ ಎಲ್ಲರೆದುರು ಅಂದುಬಿಟ್ಟ.”

“ಪೊಲೀಸರು ಕರ್ಕೊಂಡು ಹೋಗುವಾಗ ನೀವು ಅಲ್ಲೇ ಇದ್ರಿ.”

“ಇದ್ದೆ.” ವಿಮಲಮ್ಮ ತಲೆ ಎತ್ತಲಿಲ್ಲ. “ಜೀಪು ಹತ್ತುವಾಗ ನನ್ನ ಕಡೆ ನೋಡ್ದ. ಅಮ್ಮ ಏನಾದ್ರೂ ಹೇಳ್ತಾರೆ ಅಂತ.”

ಹೊರಗೆ ಮೊದಲ ಗುಡುಗು ಉರುಳಿತು. ತ್ರಿಪುರಸುಂದರಿ ಬಾಗಿಲ ಕಡೆ ನೋಡಿದಳು. “ಅಮ್ಮಾ, ಸಂಜೆ ಆಗ್ತಿದೆ. ನಂದನ್ ಬರೆಯೋಕೆ ಶುರು ಮಾಡಿದ್ರೆ ಮುಗೀತು. ಅವನಿಗೆ ಇನ್ನು ಯಾವ ಗುಡಿಯ ಬಾಗಿಲೂ ತೆರೆಯಲ್ಲ.”

“ಗೊತ್ತು.”

“ಸಿಂಹ ಪಾಲಾಗುತ್ತೆ, ಹೌದು. ಆದ್ರೆ…”

“ಗೊತ್ತು ಅಂದ್ನಲ್ಲ ಮಾರಾಯ್ತಿ!” ಸೊಂಟದಿಂದ ಫೋನು ತೆಗೆದರು. “ನನಗೂ ಮಕ್ಕಳಿದಾರೆ. ಆಗ್ಲಿ, ವೆಂಕಟೇಶ ಒಂದು ಎತ್ಕೊಂಡು ಹೋಗ್ಲಿ. ನಂದನ್‌ಗೆ ನಾನೇ ಹೇಳ್ತೀನಿ.”

ಬೆರಳು ತಪ್ಪಿ ಸ್ಪೀಕರ್ ಆನ್ ಆಯಿತು. ಎರಡು ರಿಂಗು. ಗಾಳಿಯ ಸದ್ದು, ಯಾರೋ ‘ಎತ್ರೋ, ಎತ್ರೋ’ ಅನ್ನುತ್ತಿದ್ದ ಸದ್ದು, ಆಮೇಲೆ ಆ ಮೂಗಿನ ದನಿ.

“ಅಮ್ಮಾ! ನಾನೇ ಮಾಡೋನಿದ್ದೆ. ನಿಮ್ಮ ಸಿಂಹ ಸಿಕ್ವು!”

ವಿಮಲಮ್ಮ ಫೋನನ್ನು ಇನ್ನಷ್ಟು ಹತ್ತಿರ ಹಿಡಿದರು. “ಏನು?”

“ಎರಡೂ ಸಿಕ್ವು. ಹುಡುಗ ಊಟ ಮುಗಿಸಿ ಕೈ ತೊಳ್ಕೊಂಡು ಬಂದು, ‘ನಾನೇ ಕದ್ದಿದ್ದು, ಬನ್ನಿ ತೋರಿಸ್ತೀನಿ’ ಅಂದ. ನಾವು ಒಂದು ಏಟೂ ಹಾಕಿಲ್ಲಾಂ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯೋ ಕಡೆ, ರಸ್ತೆ ಮೋರಿ ಒಳಗಿಟ್ಟಿದ್ದ. ಅಪ್ಪಟ ಕಲ್ಲು ಅಮ್ಮಾ, ನಮ್ಮ ಕಾನ್‌ಸ್ಟೇಬಲ್ ಕಾಲ್ಬೆರಳೇ ಜಜ್ಜಿ ಹೋಯ್ತು.”

ತ್ರಿಪುರಸುಂದರಿ ಸಿಂಹಗಳ ಕಡೆ ನೋಡಿದಳು. ಅವು ಅಲ್ಲೇ ಇದ್ದವು. ಹಾಗಾದರೆ ಮೋರಿಯೊಳಗಿಂದ ಎದ್ದು ಬಂದ ಜೋಡಿ ಯಾವುದು? ತಾನು ಮಾಡದ ಕಳ್ಳತನವನ್ನು ಊಟ ಮುಗಿಸಿ ಕೈ ತೊಳೆದುಕೊಂಡು ಒಪ್ಪಿಕೊಳ್ಳುವವನು ಎಂಥವನು?

“ಅಮ್ಮಾ, ಕೇಳ್ತಿದೀರಾ?” ನಂದನ್ ಕೂಗಿದರು. “ಅವು ನಿಮ್ಮ ಮನೇವೇ ಅಂತ ಒಂದು ಮಾತು ಹೇಳಿಬಿಡಿ. ಕೇಸು ಬರೆದು ಮುಗಿಸ್ತೀನಿ. ಸಿಂಹಗಳನ್ನ ನಾಡಿದ್ದು ಪಾಲಿಗೆ ಕಳಿಸಿಕೊಡ್ತೀನಿ.”

‘ಅಲ್ಲ ಅನ್ನಿ,’ ತ್ರಿಪುರಸುಂದರಿ ದನಿಯಿಲ್ಲದೆ ತುಟಿ ಅಲ್ಲಾಡಿಸಿದಳು. ‘ಅಲ್ಲ ಅನ್ನಿ ಅಮ್ಮಾ, ಹುಡುಗ ಉಳ್ಕೋತಾನೆ.’

ವಿಮಲಮ್ಮ ಅವಳ ತುಟಿಗಳನ್ನು ನೋಡಿದರು. ಆಮೇಲೆ ಗಂಡನ್ನು ನೋಡಿದರು. ಆಮೇಲೆ ಹೆಣ್ಣನ್ನು. ಇನ್ನೊಂದು ಕೈಯಿಂದ ಗೋಣಿಯನ್ನು ಎಳೆದು ಎರಡಕ್ಕೂ ಸೇರಿಸಿ ಹೊದಿಸಿದರು, ಮಲಗಿದ ಮಕ್ಕಳಿಗೆ ಹೊದಿಸುವಷ್ಟು ಮೆತ್ತಗೆ.

“ಹೌದು ನಂದನ್,” ಅಂದರು. “ಅವು ನಮ್ಮವೇ.”